ತಲೆ ಕೊರೆಸಿಕೊಳ್ಳುವವನ ತವಕ್ಕುಲ್

ಕಳೆದ ತಿಂಗಳು ಜುಮಾ ನಮಾಝ್ ಮುಗಿಸಿ ಹೊರಗೆ ಬರುತ್ತಿದ್ದಾಗ ನಮ್ಮ ಮಹಲ್ಲಿನ ಹಿರಿಯರೊಬ್ಬರು ಮಸೀದಿಯ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು. "ಅಲ್ಲಾಹನು ಕೊಟ್ಟ ತಲೆಯನ್ನು ಕೊರೆಸಿ ಒಳಗೆ ತಂತಿ ಇಡಿಸುತ್ತೀಯಂತೆ ಹೌದಾ? ಇಷ್ಟು ವರ್ಷ ಸಹಿಸಿದವನಿಗೆ ಇನ್ನು ಸ್ವಲ್ಪ ಸಹಿಸಲಿಕ್ಕೆ ಆಗುವುದಿಲ್ಲವಾ? ತವಕ್ಕುಲ್ ಎಲ್ಲಿ ಹೋಯಿತು?" ಎಂದು ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದವರಲ್ಲ. ನನ್ನ ಬಾಪ ತೀರಿಕೊಂಡಾಗ ಮಯ್ಯಿತ್ತಿಗೆ ಹೆಗಲು ಕೊಟ್ಟವರು ಅವರು. ನಾನು ಆಗ ಏನೂ ಉತ್ತರಿಸಲಿಲ್ಲ. ಉತ್ತರ ನನ್ನಲ್ಲಿ ಸಿದ್ಧವಾಗಿರಲೂ ಇಲ್ಲ. ಮನೆಗೆ ಬಂದು ಮೂರು ನಾಲ್ಕು ದಿನ ಯೋಚಿಸಿದೆ. ಓದುಗರೇ, ನಿಮ್ಮ ಮನೆಯಲ್ಲಿಯೂ ಇಂದಲ್ಲ ನಾಳೆ ಇಂತಹ ಪ್ರಶ್ನೆ ಏಳಬಹುದು. ಕಾಯಿಲೆ ಬೇರೆಯಿರಬಹುದು, ಪ್ರಶ್ನೆ ಇದೇ ಆಗಿರುತ್ತದೆ. ಆದ್ದರಿಂದ ನನ್ನ ಯೋಚನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಕಾಯಿಲೆಯ ವಿಷಯ. ಅದರ ಹೆಸರು ಡಿಸ್ಟೋನಿಯಾ. ನಮ್ಮ ದೇಹದಲ್ಲಿ ಒಂದು ಸ್ನಾಯು ಎಳೆದಾಗ ಅದರ ಎದುರಿನ ಸ್ನಾಯು ಸಡಿಲವಾಗಬೇಕು. ಹಾಗಾದರೆ ಮಾತ್ರ ಕೈ ಮಡಚುತ್ತದೆ, ಕಾಲು ನೇರವಾಗುತ್ತದೆ. ಈ ಕಾಯಿಲೆಯಲ್ಲಿ ಎರಡೂ ಒಟ್ಟಿಗೆ ಎಳೆಯುತ್ತವೆ. ಅಂಗ ತಿರುಚಿಕೊಂಡು ವಿಚಿತ್ರ ಭಂಗಿಯಲ್ಲಿ ನಿಂತುಬಿಡುತ್ತದೆ, ಇಲ್ಲವೇ ಎಳೆದೆಳೆದು ಅದುರುತ್ತದೆ. ತಪ್ಪು ಸ್ನಾಯುವಿನದ್ದಲ್ಲ, ಮಿದುಳಿನ ಆಳದಿಂದ ಅದಕ್ಕೆ ಹೋಗುವ ಅಪ್ಪಣೆಯದ್ದು.

ನನಗೆ ಇದು ಶುರುವಾದದ್ದು ಹತ್ತನೆಯ ವಯಸ್ಸಿನಲ್ಲಿ. ನಡೆಯುವಾಗ ಬಲಗಾಲಿನ ಪಾದ ಒಳಕ್ಕೆ ತಿರುಗತೊಡಗಿತು. ವಿಚಿತ್ರವೆಂದರೆ ಹಿಂದಕ್ಕೆ ನಡೆದರೆ ಕಾಲು ಸರಿಯಾಗಿರುತ್ತಿತ್ತು, ನಿದ್ದೆಯಲ್ಲಿ ಏನೂ ಇರುತ್ತಿರಲಿಲ್ಲ. ಹುಡುಗ ಶಾಲೆ ತಪ್ಪಿಸಲು ನಾಟಕವಾಡುತ್ತಿದ್ದಾನೆ ಎಂದು ಎಲ್ಲರೂ ತಿಳಿದರು. ನನಗೆ ಪೆಟ್ಟೂ ಬಿತ್ತು. ಹಿಂದಕ್ಕೆ ನಡೆಯುವಾಗ ಸರಿಹೋಗುವುದು ಈ ಕಾಯಿಲೆಯ ಒಂದು ಗುರುತು ಎಂದು ನನಗೆ ಗೊತ್ತಾಗುವಾಗ ಇಪ್ಪತ್ತು ದಾಟಿತ್ತು. ಅಷ್ಟರಲ್ಲಿ ಅದು ಬೆನ್ನಿಗೂ ಬಲಗೈಗೂ ಕುತ್ತಿಗೆಗೂ ಹಬ್ಬಿತ್ತು.

ಈಗ ನನ್ನ ತಲೆ ತಾನಾಗಿಯೇ ಬಲಕ್ಕೆ ತಿರುಗುತ್ತದೆ. ಸಫ್ಫಿನಲ್ಲಿ ನಿಂತಾಗ ನಾನು ಕಿಬ್ಲಾಕ್ಕೆ ಎದೆಯೊಡ್ಡಿದ್ದರೂ ಮುಖ ಮಾತ್ರ ಬಲಬದಿಯವರ ಕಡೆಗಿರುತ್ತದೆ. ಒಮ್ಮೆ ಒಬ್ಬ ಹುಡುಗ ನಮಾಝ್ ಮುಗಿದ ಮೇಲೆ, "ನೀವು ಇಮಾಮರಿಗಿಂತ ಮೊದಲೇ ಸಲಾಮ್ ಹೇಳಿದಿರಾ?" ಎಂದು ಮುಗ್ಧವಾಗಿ ಕೇಳಿದ. ಗದ್ದಕ್ಕೆ ಒಂದು ಬೆರಳು ಮೆಲ್ಲಗೆ ತಾಗಿಸಿದರೆ ತಲೆ ತುಸು ಹೊತ್ತು ನೇರವಾಗುತ್ತದೆ. ಬಲವಾಗಿ ಒತ್ತಬೇಕೆಂದಿಲ್ಲ, ತಾಗಿದರೆ ಸಾಕು. ಈ ಕಾಯಿಲೆಯವರಲ್ಲಿ ಅನೇಕರಿಗೆ ಇಂತಹ ಒಂದು ಉಪಾಯ ಗೊತ್ತಿರುತ್ತದೆ. ನಮಾಝಿನಲ್ಲಿ ಕೈಯನ್ನು ಹಾಗೆ ಎತ್ತಬಾರದು ಎಂದು ಆಕ್ಷೇಪಿಸಿದವರೂ ಇದ್ದಾರೆ.

1911ರಲ್ಲಿ ಬರ್ಲಿನ್‌ನ ಹರ್ಮನ್ ಓಪನ್‌ಹೈಮ್ ಎಂಬ ವೈದ್ಯರು ಈ ಕಾಯಿಲೆಗೆ ಹೆಸರು ಕೊಟ್ಟರು. ಆ ಬಳಿಕವೂ ಅನೇಕ ದಶಕಗಳ ಕಾಲ ಬಹಳ ವೈದ್ಯರು ಇದನ್ನು ಮಾನಸಿಕ ಕಾಯಿಲೆ ಎಂದೇ ಬಗೆದಿದ್ದರು. ಲಂಡನ್ನಿನ ಡೇವಿಡ್ ಮಾರ್ಸ್‌ಡನ್ ಮೊದಲಾದವರು 1970ರ ದಶಕದಲ್ಲಿ ಇದು ಮಿದುಳಿನ ಕಾಯಿಲೆ ಎಂದು ದೃಢವಾಗಿ ವಾದಿಸಿದ ಮೇಲೆ ಆ ಅಭಿಪ್ರಾಯ ಬದಲಾಗುತ್ತಾ ಬಂತು. ದೊಡ್ಡ ದೊಡ್ಡ ವೈದ್ಯರೇ ಹಾಗೆ ತಿಳಿದಿದ್ದಾಗ ನಮ್ಮೂರಿನವರು ಜಿನ್ನ್ ಹಿಡಿದಿದೆ ಎಂದದ್ದರಲ್ಲಿ ಆಶ್ಚರ್ಯವೇನಿದೆ? ನನ್ನನ್ನು ಊದಿಸಲು ಕರೆದೊಯ್ದರು. ತಾಯಿತ ಕಟ್ಟಿಸಿದರು. ಒಬ್ಬಾತ ನನ್ನ ಪಾದಕ್ಕೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿದ. ಅದರ ಕಲೆ ಈಗಲೂ ಇದೆ.

ಹಿರಿಯರ ಪ್ರಶ್ನೆ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಕಲೆಯನ್ನು ನೋಡುವಾಗಲೇ. ನನ್ನ ಕಾಲಿಗೆ ಬರೆ ಹಾಕಿಸಿದ ದಿನ, "ತವಕ್ಕುಲ್ ಎಲ್ಲಿ ಹೋಯಿತು?" ಎಂದು ಯಾರೂ ಉಮ್ಮನನ್ನು ಕೇಳಿರಲಿಲ್ಲ. ತಾಯಿತಕ್ಕೆ ಹಣ ಕೊಟ್ಟಾಗಲೂ ಕೇಳಿರಲಿಲ್ಲ. ಆ ಪ್ರಶ್ನೆ ಎದ್ದದ್ದು ನ್ಯೂರಾಲಜಿ ವೈದ್ಯರ ಚೀಟಿ ಕೈಗೆ ಬಂದಾಗ ಮಾತ್ರ. ನಾವು ತವಕ್ಕುಲನ್ನು ತಲೆಕೆಳಗಾಗಿ ಹಿಡಿದಿದ್ದೇವೆ ಎಂದು ನನಗೆ ತೋರುತ್ತದೆ.

ಇಮಾಮ್ ಗಝ್ಝಾಲಿಯವರು ತಮ್ಮ ಇಹ್ಯಾಉ ಉಲೂಮಿದ್ದೀನ್ ಗ್ರಂಥದಲ್ಲಿ ತವಕ್ಕುಲ್‌ನ ಬಗ್ಗೆ ಬರೆಯುವಾಗ ಕಷ್ಟವನ್ನು ನಿವಾರಿಸುವ ಸಾಧನಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಬಾಯಾರಿಕೆಗೆ ನೀರು, ಹಸಿವಿಗೆ ರೊಟ್ಟಿ ಎಂಬಂತೆ ಖಚಿತವಾಗಿ ಫಲ ಕೊಡುವಂಥವು ಮೊದಲನೆಯವು. ಅವನ್ನು ಬಿಡುವುದು ತವಕ್ಕುಲ್ ಅಲ್ಲವೇ ಅಲ್ಲ. ಪ್ರಾಣಕ್ಕೆ ಅಪಾಯವಿರುವಲ್ಲಿ ಬಿಡುವುದು ಹರಾಮ್ ಎಂದೂ ಅವರು ಹೇಳುತ್ತಾರೆ. ಬರೆ ಹಾಕುವುದು, ಮಂತ್ರಿಸುವುದು ಮೊದಲಾದವು ಬರೀ ಊಹೆಯ ಸಾಧನಗಳು. ಪೂರ್ಣ ತವಕ್ಕುಲ್ ಬಯಸುವವನು ಬಿಡಬೇಕಾದದ್ದು ಇವುಗಳನ್ನು. ಇವೆರಡರ ನಡುವೆ ಇರುವುದು ಫಲ ಸಿಗುವ ಸಾಧ್ಯತೆ ಹೆಚ್ಚಾಗಿದ್ದರೂ ಖಚಿತವಲ್ಲದ ಔಷಧೋಪಚಾರ. ಇದನ್ನು ಮಾಡಿದರೆ ತವಕ್ಕುಲ್‌ಗೆ ಭಂಗವಿಲ್ಲ, ಬಿಟ್ಟರೆ ನಿಷಿದ್ಧವೂ ಅಲ್ಲ. ನನ್ನ ಕಾಲಿನ ಬರೆ ಯಾವ ಸಾಲಿನದ್ದು, ಈಗಿನ ಆಪರೇಷನ್ ಯಾವ ಸಾಲಿನದ್ದು ಎಂದು ನೀವೇ ನೋಡಿ.

ಆದರೆ ಆಪರೇಷನ್ ಎರಡನೆಯ ಸಾಲಿನದ್ದು ಎಂದು ಹೇಳಬೇಕಾದರೆ ಅದರ ಫಲವೇನೆಂದು ತಿಳಿದಿರಬೇಕು. ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮಿದುಳಿನ ಆಳದಲ್ಲಿ ಗ್ಲೋಬಸ್ ಪ್ಯಾಲಿಡಸ್ ಎಂಬ ಒಂದು ಗಂಟು ಇದೆ, ಎಡಕ್ಕೊಂದು ಬಲಕ್ಕೊಂದು. ತಲೆಬುರುಡೆಯಲ್ಲಿ ಎರಡು ಚಿಕ್ಕ ತೂತುಗಳನ್ನು ಕೊರೆದು ಅಲ್ಲಿಗೆ ಒಂದೊಂದು ತೆಳುವಾದ ತಂತಿಯನ್ನು ಇಳಿಸುತ್ತಾರೆ. ಅದರ ದಪ್ಪ ಒಂದೂಕಾಲು ಮಿಲಿಮೀಟರಿನಷ್ಟು. ತಂತಿಯ ಇನ್ನೊಂದು ತುದಿಯನ್ನು ಕಿವಿಯ ಹಿಂದಿನಿಂದ ಚರ್ಮದ ಅಡಿಯಲ್ಲಿ ಎದೆಗೆ ತಂದು, ಹೃದ್ರೋಗಿಗಳಿಗೆ ಇಡುವ ಪೇಸ್‌ಮೇಕರಿನಂತಹ ಒಂದು ಪೆಟ್ಟಿಗೆಗೆ ಜೋಡಿಸುತ್ತಾರೆ. ಅದರಿಂದ ಸಾಮಾನ್ಯವಾಗಿ ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಸಣ್ಣ ವಿದ್ಯುತ್ ತಟ್ಟುಗಳು ಆ ಗಂಟಿಗೆ ಹೋಗುತ್ತಿರುತ್ತವೆ. ತಪ್ಪು ಅಪ್ಪಣೆಯ ಲಯ ಅದರಿಂದ ಮುರಿಯುತ್ತದೆ.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಎಂಬ ವೈದ್ಯರು 1987ರಲ್ಲಿ ಕೈನಡುಕಕ್ಕಾಗಿ ಈ ರೀತಿಯ ಚಿಕಿತ್ಸೆ ಆರಂಭಿಸಿದರು. ಅದಕ್ಕಿಂತ ಮೊದಲು ಮಿದುಳಿನ ಆ ಚುಕ್ಕೆಯನ್ನು ಸುಡುತ್ತಿದ್ದರು. ಸುಡುವ ವಿಧಾನ ಈಗಲೂ ಇದೆ. 2017ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬೆರಳುಗಳ ಡಿಸ್ಟೋನಿಯಾ ಇದ್ದ ಒಬ್ಬ ಯುವಕ ಆಪರೇಷನ್ ಮೇಜಿನ ಮೇಲೆ ಎಚ್ಚರದಲ್ಲಿದ್ದು ಗಿಟಾರ್ ನುಡಿಸುತ್ತಿದ್ದ ಚಿತ್ರವನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಅದು ಸುಡುವ ಚಿಕಿತ್ಸೆ. ನನ್ನದರಲ್ಲಿ ಸುಡುವುದಿಲ್ಲ. ಬೇಡವಾದರೆ ನಿಲ್ಲಿಸಬಹುದು, ತಂತಿಯನ್ನು ತೆಗೆಯಲೂಬಹುದು. ನನ್ನಂತೆ ಮೈಯೆಲ್ಲ ತಿರುಚುವವರಿಗೆ ಹೆಚ್ಚಾಗಿ ಪೂರ್ಣ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಗಿಟಾರಿನ ಚಿತ್ರ ನೋಡಿ ಹೆದರಿದ ನನ್ನ ಹೆಂಡತಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ!

ಡಿಸ್ಟೋನಿಯಾಕ್ಕೆ ಇದನ್ನು ಕ್ರಮವಾಗಿ ಪ್ರಯೋಗಿಸಿದ ಫಲಿತಾಂಶಗಳಲ್ಲಿ ಎರಡನ್ನು ಹೇಳುತ್ತೇನೆ. 2005ರಲ್ಲಿ ಫ್ರಾನ್ಸಿನ ವೈದ್ಯರು ಮೈಯೆಲ್ಲ ಹಬ್ಬಿದ ಡಿಸ್ಟೋನಿಯಾದ 22 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಕಾಯಿಲೆಯ ತೀವ್ರತೆಯನ್ನು ಅಳೆಯುವ ಅಂಕ ಸರಾಸರಿ 46ರಿಂದ ಒಂದು ವರ್ಷದಲ್ಲಿ 21ಕ್ಕೆ ಇಳಿದಿತ್ತು. 2006ರಲ್ಲಿ ಜರ್ಮನಿಯ ವೈದ್ಯರ ನೇತೃತ್ವದಲ್ಲಿ 40 ರೋಗಿಗಳಿಗೆ ಉಪಕರಣ ಅಳವಡಿಸಿ, ಕೆಲವರದನ್ನು ಚಾಲೂ ಮಾಡಿ, ಉಳಿದವರದನ್ನು ಮೂರು ತಿಂಗಳು ಚಾಲೂ ಮಾಡದೆ ಇಟ್ಟರು. ಚಾಲೂ ಇದ್ದವರಲ್ಲಿ ಸರಾಸರಿ ನೂರಕ್ಕೆ ನಲವತ್ತರಷ್ಟು ಸುಧಾರಣೆ, ಇಲ್ಲದವರಲ್ಲಿ ನೂರಕ್ಕೆ ಐದರಷ್ಟು. ಅಂದರೆ ಇದು ಬರೀ ಆಸೆಯ ಪರಿಣಾಮವಲ್ಲ. ಆದರೆ ಯಾವ ವರದಿಯೂ ಕಾಯಿಲೆ ಪೂರ್ತಿ ಹೋಗುತ್ತದೆ ಎನ್ನುವುದಿಲ್ಲ. ಅರ್ಧದಷ್ಟು ಕಡಿಮೆಯಾಗಬಹುದು, ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಬಹಳ ಕಡಿಮೆ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಬಂದ ಡಿಸ್ಟೋನಿಯಾದಲ್ಲಿ ಫಲ ಸಾಮಾನ್ಯವಾಗಿ ಕಡಿಮೆ. ಗಟ್ಟಿಯಾಗಿ ಕುಗ್ಗಿ ನಿಂತುಹೋದ ಕೀಲುಗಳನ್ನು ವಿದ್ಯುತ್ತು ಬಿಡಿಸುವುದಿಲ್ಲ.

ಇನ್ನು ಅಪಾಯ. ನೂರು ರೋಗಿಗಳಲ್ಲಿ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಕೆಲವರಿಗೆ ಗಾಯಕ್ಕೆ ಕೀವು ತುಂಬಿ ಉಪಕರಣವನ್ನೇ ತೆಗೆಯಬೇಕಾಗುತ್ತದೆ. ಕುತ್ತಿಗೆ ತಿರುಚುವವರಲ್ಲಿ ತಂತಿ ತುಂಡಾಗುವುದೂ ಉಂಟು. ಮಾತು ತೊದಲಬಹುದು.

ಇಲ್ಲೊಂದು ಮಾತನ್ನು ನಡುವೆ ಹೇಳಲೇಬೇಕು, ಏಕೆಂದರೆ ಇದನ್ನು ಓದುವ ಯಾವುದೋ ತಾಯಿಗೆ ಇದು ಬೇಕಾಗಬಹುದು. ಮಗುವಿನ ಕಾಲು ತಿರುಚುತ್ತದೆ ಎಂದ ಕೂಡಲೇ ಆಪರೇಷನ್ ಎಂದು ಓಡಬೇಡಿ. ಡಿಸ್ಟೋನಿಯಾದಂತೆ ಕಾಣುವ, ಆದರೆ ಮಾತ್ರೆಯಿಂದಲೇ ಹತೋಟಿಗೆ ಬರುವ ಕಾಯಿಲೆಗಳಿವೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಯಾಗುತ್ತಾ ಕಾಲು ಹೆಚ್ಚು ಹೆಚ್ಚು ತಿರುಚುವ ಮಕ್ಕಳಿಗೆ ಲೆವೊಡೋಪ ಎಂಬ ಮಾತ್ರೆಯ ಸಣ್ಣ ಪ್ರಮಾಣ ಪವಾಡದಂತೆ ಕೆಲಸ ಮಾಡಬಹುದು. ಅದನ್ನು ಜಪಾನಿನ ಸೆಗಾವ ಎಂಬ ವೈದ್ಯರ ಹೆಸರಿನಿಂದ ಕರೆಯುತ್ತಾರೆ. ವಿಲ್ಸನ್ ಕಾಯಿಲೆ ಎಂಬುದರಲ್ಲಿ ತಾಮ್ರ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಶೇಖರವಾಗುತ್ತದೆ. ರಕ್ತ, ಮೂತ್ರ, ಕಣ್ಣಿನ ಪರೀಕ್ಷೆಯಿಂದ ಅದನ್ನು ಗುರುತಿಸಬಹುದು, ಬೇಗ ಗುರುತಿಸಿದರೆ ಔಷಧವಿದೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಬರುವ ಕಾಯಿಲೆ ಅದು. ಆದ್ದರಿಂದ ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ನಮ್ಮಂತಹ ಕುಟುಂಬಗಳು ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನನ್ನಲ್ಲಿ ಇವೆರಡೂ ಅಲ್ಲ ಎಂದು ಖಚಿತವಾದ ಮೇಲೆ, ಮಾತ್ರೆಗಳನ್ನೂ ಕುತ್ತಿಗೆಗೆ ಬೊಟುಲಿನಮ್ ಇಂಜೆಕ್ಷನನ್ನೂ ವರ್ಷಗಟ್ಟಲೆ ಪ್ರಯತ್ನಿಸಿದ ಮೇಲೆ ಆಪರೇಷನ್ ಮಾತು ಬಂತು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಹನೆಯನ್ನು ಬೋಧಿಸುವವರು ನನಗೆ ಹೆಚ್ಚಾಗಿ ಹೇಳುವ ಒಂದು ಹದೀಸ್ ಇದೆ. ಬುಖಾರಿಯಲ್ಲಿಯೂ ಮುಸ್ಲಿಮಿನಲ್ಲಿಯೂ ಬಂದಿರುವ ಘಟನೆ ಅದು. ಇಬ್ನು ಅಬ್ಬಾಸ್(ರ) ತಮ್ಮ ಶಿಷ್ಯರಾದ ಅತಾ ಅವರಿಗೆ ಒಬ್ಬ ಕಪ್ಪುವರ್ಣದ ಸ್ತ್ರೀಯನ್ನು ತೋರಿಸಿ ಆಕೆ ಸ್ವರ್ಗದವಳೆಂದರು. ಆಕೆಗೆ ಮೂರ್ಛೆರೋಗವಿತ್ತು. ಆಕೆ ಪ್ರವಾದಿವರ್ಯರ(ಸ) ಬಳಿಗೆ ಬಂದು, ತಾನು ಬಿದ್ದುಬಿಡುತ್ತೇನೆ, ಆಗ ಬಟ್ಟೆ ಸರಿದು ಮೈ ಕಾಣುತ್ತದೆ, ತನಗಾಗಿ ಪ್ರಾರ್ಥಿಸಿರಿ ಎಂದು ಕೇಳಿಕೊಂಡಳು. ಇಷ್ಟವಿದ್ದರೆ ಸಹಿಸಿಕೋ, ಸ್ವರ್ಗವಿದೆ, ಇಲ್ಲವೇ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಪ್ರವಾದಿವರ್ಯರು(ಸ) ಹೇಳಿದರು. ಆಕೆ ಸಹನೆಯನ್ನು ಆರಿಸಿದಳು. ಆದರೆ ಮೈ ಕಾಣದಂತಾಗಲು ಪ್ರಾರ್ಥಿಸಿರಿ ಎಂದಳು. ಅವರು ಪ್ರಾರ್ಥಿಸಿದರು.

ಇದನ್ನು ಹೇಳುವವರು, "ನೋಡು, ಆಕೆ ಸಹಿಸಿದಳು, ನೀನೂ ಸಹಿಸು" ಎಂದು ಮುಗಿಸುತ್ತಾರೆ. ನಾನು ಅದನ್ನು ಅನೇಕ ಸಲ ಓದಿದ್ದೇನೆ, ನನಗೆ ಅದರಲ್ಲಿ ಕಾಣುವುದು ಬೇರೆ. ಅಲ್ಲಾಹನ ಸಂದೇಶವಾಹಕರು(ಸ) ಆಕೆಯ ಪರವಾಗಿ ತಾವೇ ತೀರ್ಮಾನ ಮಾಡಲಿಲ್ಲ. ಆಕೆಯ ತಂದೆಯನ್ನೋ ಗಂಡನನ್ನೋ ಕರೆಸಿ ಕೇಳಿದ ಉಲ್ಲೇಖವೂ ಅಲ್ಲಿಲ್ಲ. ಎರಡು ದಾರಿ ತೋರಿಸಿ ಆಯ್ಕೆಯನ್ನು ಆಕೆಗೇ ಬಿಟ್ಟರು. ಗುಣವಾಗುವ ದಾರಿಯನ್ನು ಆರಿಸಿದರೆ ಅದು ಈಮಾನಿನ ಕೊರತೆ ಎಂಬ ಮಾತು ಅಲ್ಲಿ ಬರಲೇ ಇಲ್ಲ. ಸಹನೆಯನ್ನು ಒಬ್ಬ ತನಗಾಗಿ ಆರಿಸಿಕೊಳ್ಳಬಹುದು. ಇನ್ನೊಬ್ಬನ ಪರವಾಗಿ, ಅವನ ನೋವಿನ ಮೇಲೆ ನಿಂತು, ನಾವು ಅದನ್ನು ಆರಿಸುವುದು ಹೇಗೆ?

ಆ ಸ್ತ್ರೀಯ ಮಾತಿನಲ್ಲಿ ನನ್ನನ್ನು ಇನ್ನೂ ಹೆಚ್ಚು ತಟ್ಟಿದ್ದು ಬೇರೊಂದಿದೆ. ಆಕೆ ಕಾಯಿಲೆಯನ್ನು ಸಹಿಸಲು ಸಿದ್ಧಳಿದ್ದಳು, ಜನರ ಕಣ್ಣಿಗೆ ಬೀಳುವುದನ್ನು ಸಹಿಸಲಾರದೆ ಹೋದಳು. ನನ್ನ ಸ್ಥಿತಿಯೂ ಅದೇ. ನೋವಿದೆ, ಆದರೆ ನೋವಿನ ಜೊತೆ ಬಾಳಲು ಕಲಿತಿದ್ದೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಎದ್ದುಹೋಗುವುದು, ಮಗಳ ಶಾಲೆಗೆ ಹೋದರೆ ಮಕ್ಕಳು ನನ್ನ ಕುತ್ತಿಗೆಯನ್ನು ಅನುಕರಿಸುವುದು, ಮಗಳು ಆಮೇಲೆ "ಬಾಪ, ಮೀಟಿಂಗಿಗೆ ಉಮ್ಮ ಬಂದರೆ ಸಾಕು" ಎಂದು ಮೆಲ್ಲಗೆ ಹೇಳುವುದು, ಇವೇ ನನ್ನನ್ನು ಈ ಆಪರೇಷನ್‌ವರೆಗೆ ತಂದವು. ನಿಯ್ಯತ್ತಿನ ವಿಷಯದಲ್ಲಿ ಸುಳ್ಳು ಹೇಳಬಾರದಲ್ಲ, ಆದ್ದರಿಂದ ಹೇಳುತ್ತಿದ್ದೇನೆ. ಇಬಾದತ್ ಸರಿಯಾಗಿ ಮಾಡಲು ಆಪರೇಷನ್ ಮಾಡಿಸುತ್ತೇನೆ ಎಂದು ಹಿರಿಯರಿಗೆ ಹೇಳಿದ್ದರೆ ಅವರು ಮೆಚ್ಚುತ್ತಿದ್ದರು. ಅದು ಅರ್ಧ ಸತ್ಯವಷ್ಟೇ ಆಗುತ್ತಿತ್ತು. ನಾಚಿಕೆ ತಪ್ಪಬೇಕೆಂಬ ಆಸೆಯೂ ನನ್ನಲ್ಲಿದೆ. ಇದು ಅಹಂಕಾರವೋ ಎಂದು ಬಹಳ ದಿನ ಹೆದರಿದ್ದೆ. ಆದರೆ ಆ ಸ್ತ್ರೀಯ ಕೋರಿಕೆಯನ್ನು ಯಾರೂ ಅಲ್ಪವೆಂದು ತಳ್ಳಿಹಾಕಲಿಲ್ಲವಲ್ಲ!

ಹಾಗಾದರೆ ಆಕೆ ಆರಿಸಿದ ದಾರಿ ಹೆಚ್ಚಿನದ್ದಲ್ಲವೇ ಎಂದು ನೀವು ಕೇಳಬಹುದು. ಹೌದು, ಹೆಚ್ಚಿನದ್ದೇ. ಆದರೆ ಆಕೆಗೆ ಸ್ವರ್ಗದ ಮಾತು ಪ್ರವಾದಿವರ್ಯರ(ಸ) ಬಾಯಿಯಿಂದಲೇ ಸಿಕ್ಕಿತ್ತು. ನನಗೆ ಅಂತಹ ವಾಗ್ದಾನವಿಲ್ಲ, ಆಕೆಯ ಎತ್ತರವೂ ನನ್ನದಲ್ಲ. ಇನ್ನು ಸಹನೆಗೆ ಹೆಸರಾದ ಅಯ್ಯೂಬ್(ಅ) ಅವರನ್ನು ನೋಡಿ. ಅವರೂ ತಮ್ಮ ಕಷ್ಟವನ್ನು ಅಲ್ಲಾಹನ ಮುಂದೆ ಹೇಳಿಕೊಂಡರು. ನೆಲಕ್ಕೆ ಕಾಲು ಬಡಿಯುವಂತೆ ಅವರಿಗೆ ಅಪ್ಪಣೆಯಾಯಿತು, ಸ್ನಾನಕ್ಕೂ ಕುಡಿಯಲಿಕ್ಕೂ ತಂಪಾದ ನೀರು ಸಿಕ್ಕಿತು ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಏನನ್ನೂ ಮಾಡಿಸದೆಯೇ ಗುಣಪಡಿಸಲು ಅಲ್ಲಾಹನಿಗೆ ಕಷ್ಟವೇನಿತ್ತು? ಆದರೂ ಅವರಿಂದ ಕಾಲು ಬಡಿಸಿದನು.

ಆಯ್ಕೆ ರೋಗಿಯದ್ದು ಎಂದು ಹೇಳುವುದು ಸುಲಭ. ಮನೆಯಲ್ಲಿ ಅದನ್ನು ನಡೆಸುವುದು ಕಷ್ಟ. ಆಸ್ಪತ್ರೆಯಲ್ಲಿ ವೈದ್ಯರು ಒಪ್ಪಿಗೆ ಪತ್ರವನ್ನು ಓದಿ ವಿವರಿಸುತ್ತಿದ್ದಾಗ ನನ್ನ ಪಕ್ಕದಲ್ಲಿ ಇಬ್ಬರು ಅಣ್ಣಂದಿರಿದ್ದರು. ರಕ್ತಸ್ರಾವದ ಮಾತು ಬಂದಾಗ ದೊಡ್ಡಣ್ಣ, "ಇದನ್ನು ಉಮ್ಮನಿಗೆ ಹೇಳುವುದು ಬೇಡ" ಎಂದರು. ಕಾರಣ ಕಾಳಜಿಯೇ. ಉಮ್ಮನಿಗೆ ಎಪ್ಪತ್ತು ದಾಟಿದೆ, ರಕ್ತದೊತ್ತಡವಿದೆ. ನಮ್ಮ ಮನೆಗಳಲ್ಲಿ ಇಂತಹ ಮುಚ್ಚಿಡುವಿಕೆ ಎಷ್ಟು ಸಾಮಾನ್ಯ ಎಂದು ನಿಮಗೆ ಗೊತ್ತು. ರೋಗಿಗೆ ಕ್ಯಾನ್ಸರ್ ಎಂದು ಇಡೀ ಊರಿಗೆ ಗೊತ್ತಿದ್ದು ರೋಗಿಗೆ ಮಾತ್ರ ಗೊತ್ತಿಲ್ಲದ ಮನೆಗಳನ್ನು ನಾನು ಕಂಡಿದ್ದೇನೆ.

ನಾನು ಎರಡು ರಾತ್ರಿ ಯೋಚಿಸಿದೆ. ಉಮ್ಮ ನನಗಾಗಿ ದುಆ ಮಾಡುತ್ತಿದ್ದಾರೆ. ಏತಕ್ಕಾಗಿ ದುಆ ಮಾಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಬೇಡವೇ? ನಾಳೆ ಏನಾದರೂ ಆದರೆ, ಮಕ್ಕಳೆಲ್ಲ ಸೇರಿ ತನ್ನನ್ನು ವಂಚಿಸಿದರು ಎಂಬ ನೋವನ್ನೂ ಅವರು ಹೊರಬೇಕಲ್ಲ! ಮೂರನೆಯ ದಿನ ಅಸರ್ ಬಳಿಕ ಅವರ ಪಕ್ಕದಲ್ಲಿ ಕುಳಿತು, ನೂರರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ ಎಂದು ಹೇಳಿದೆ. ಅವರು ತಸ್ಬೀಹಿನ ಮಣಿ ಎಳೆಯುವುದನ್ನು ನಿಲ್ಲಿಸಿದರು. ಬಹಳ ಹೊತ್ತಿನ ಮೇಲೆ, "ಮೋನೇ, ಆವತ್ತು ನಿನ್ನ ಕಾಲಿಗೆ ಬರೆ ಹಾಕಿಸುವಾಗ ನಾನು ನಿನ್ನನ್ನು ಕೇಳಿರಲಿಲ್ಲ. ಈಗ ನೀನು ನನ್ನನ್ನು ಕೇಳುತ್ತಿದ್ದೀಯಾ, ಹೇಳುತ್ತಿದ್ದೀಯಾ?" ಎಂದರು.

"ಹೇಳುತ್ತಿದ್ದೇನೆ ಉಮ್ಮ" ಎಂದೆ. ಹೇಳಿದ ಮೇಲೆ ನನಗೇ ಭಯವಾಯಿತು. ಅವರು ಸಿಟ್ಟಾಗಲಿಲ್ಲ. ಆ ಬರೆಯ ವಿಷಯವನ್ನು ಇಪ್ಪತ್ತೈದು ವರ್ಷಗಳಲ್ಲಿ ಅವರು ಎತ್ತಿದ್ದು ಅದೇ ಮೊದಲು. ತಾಯಂದಿರು ಎಂತಹ ಭಾರವನ್ನು ಹೊತ್ತಿರುತ್ತಾರೆ ಎಂದು ನಮಗೆ ತಿಳಿಯುವುದೇ ಇಲ್ಲ. ಬಾಪನ ಕಡೆಯವರು, ಇದು ನಿನ್ನ ವಂಶದಿಂದಲೇ ಬಂದದ್ದು ಎಂದು ಅವರನ್ನು ಚುಚ್ಚುತ್ತಿದ್ದದ್ದೂ ಉಂಟು. ಬಾಲ್ಯದಲ್ಲಿ ಶುರುವಾಗುವ ಡಿಸ್ಟೋನಿಯಾದ ಒಂದು ಮುಖ್ಯ ಜೀನ್ ದೋಷ 1997ರಲ್ಲಿ ಪತ್ತೆಯಾಯಿತು. ಅದು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಆ ದೋಷವಿರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಉಳಿದವರು ಆರೋಗ್ಯವಾಗಿದ್ದು, ಗೊತ್ತಿಲ್ಲದೆಯೇ ಮಕ್ಕಳಿಗೆ ದಾಟಿಸಬಹುದು. ಇದರಲ್ಲಿ ಯಾರನ್ನು ದೂರುವುದು?

ರೋಗಿ ಮಗುವಾಗಿದ್ದರೆ ತೀರ್ಮಾನ ತಂದೆ ತಾಯಿಯದ್ದೇ. ಆದರೂ ಮಗುವಿಗೆ ಅದರ ವಯಸ್ಸಿಗೆ ತಕ್ಕಂತೆ ಹೇಳಿ. ಸುಮ್ಮನೆ ಪೇಟೆಗೆ ಹೋಗಿ ಬರೋಣ ಎಂದು ಹೇಳಿ ಕರೆದೊಯ್ಯಬೇಡಿ. ನನ್ನನ್ನು ಬರೆ ಹಾಕಿಸಲು ಕರೆದೊಯ್ದದ್ದು ಹಾಗೆಯೇ.

ಈಗ ಸಿದ್ಧತೆಯ ದಿನಗಳು. ಆಸ್ಪತ್ರೆಯವರು ಹೇಳಿದ್ದನ್ನು ಮಾಡುತ್ತಿದ್ದೇನೆ. ಎಂಆರ್‌ಐ ಆಯಿತು. ನಡೆಯುವುದು, ಬರೆಯುವುದು, ಕುಡಿಯುವುದು ಎಲ್ಲವನ್ನೂ ವಿಡಿಯೋ ತೆಗೆದುಕೊಂಡರು, ನಂತರ ಹೋಲಿಸಿ ನೋಡಲು. ನೆನಪಿನ ಶಕ್ತಿಯ, ಮನಸ್ಸಿನ ಸ್ಥಿತಿಯ ಪರೀಕ್ಷೆಯೂ ಆಯಿತು. ಸೋಂಕು ಎಲ್ಲಿಯೂ ಇರಬಾರದೆಂದು ಹುಳುಕು ಹಲ್ಲನ್ನು ಕೀಳಿಸಿದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ವೈದ್ಯರು ಹೇಳಿದ ದಿನದಿಂದ ಅದನ್ನು ನಿಲ್ಲಿಸಬೇಕಾಗುತ್ತದೆ. ತಾವಾಗಿಯೇ ನಿಲ್ಲಿಸಬಾರದು. ಆ ದಿನ ತಲೆ ಬೋಳಿಸಿ, ಅಳತೆಗಾಗಿ ಒಂದು ಲೋಹದ ಚೌಕಟ್ಟನ್ನು ನಾಲ್ಕು ಮೊಳೆಗಳಿಂದ ತಲೆಗೆ ಬಿಗಿಯುತ್ತಾರಂತೆ.

ನಮಾಝಿನ ವಿಷಯವನ್ನು ಕೊನೆಯ ಗಳಿಗೆಗೆ ಬಿಡಬೇಡಿ. ತಲೆಯ ಗಾಯಕ್ಕೆ ನೀರು ತಾಗಿಸಬಾರದಾದ ದಿನಗಳಲ್ಲಿ ವುಝೂ ಹೇಗೆ, ತಯಮ್ಮುಮ್ ಯಾವಾಗ, ಅರಿವಳಿಕೆಯಲ್ಲಿ ತಪ್ಪಿದ ನಮಾಝನ್ನು ಏನು ಮಾಡುವುದು ಎಂದು ನಾನು ನಮ್ಮ ಖತೀಬರನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಶಾಫಿಗಳಿಗೂ ಹನಫಿಗಳಿಗೂ ಕೆಲವು ವಿವರಗಳಲ್ಲಿ ಭೇದವಿರುವುದರಿಂದ ನಿಮ್ಮ ಆಲಿಮರನ್ನೇ ಕೇಳುವುದು ಒಳ್ಳೆಯದು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ನಮಾಝಿನ ಬಗ್ಗೆ ಕೇಳಿದಾಗ, ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಒಂದು ಮಗ್ಗುಲಲ್ಲಿ ಮಲಗಿ ಮಾಡಲು ಪ್ರವಾದಿವರ್ಯರು(ಸ) ಅನುಮತಿಸಿದ್ದಾರೆ. ನನ್ನ ಬೆರಳು ಗದ್ದಕ್ಕೆ ಹೋಗುವುದನ್ನು ಆಕ್ಷೇಪಿಸಿದವರಿಗೂ ಖತೀಬರು ಇದನ್ನೇ ಹೇಳಿದರು.

ನಿಯ್ಯತ್ತಿನ ಬಗ್ಗೆ ಒಂದು ಮಾತು. ಈ ಕಾಯಿಲೆಯ ವಿಚಿತ್ರವೇ ಅದು. ಕೈಗೆ ಬಲವಿದೆ, ಬುದ್ಧಿಗೆ ಏನೂ ಆಗಿಲ್ಲ, ಆದರೆ ಬರೆಯಬೇಕೆಂದು ಮನಸ್ಸು ಮಾಡಿದ ಕ್ಷಣದಲ್ಲಿಯೇ ಕೈ ತಿರುಚುತ್ತದೆ. ಮನಸ್ಸು ಮಾಡದಿದ್ದರೆ ತೆಪ್ಪಗಿರುತ್ತದೆ. ನೇರವಾಗಿ ರುಕೂಅ್ ಮಾಡಬೇಕೆಂಬ ನಿಯ್ಯತ್ತೇ ನನ್ನ ಬೆನ್ನನ್ನು ಬಾಗಿಸುತ್ತದೆ. ಕರ್ಮಗಳನ್ನು ಅಳೆಯುವುದು ನಿಯ್ಯತ್ತಿನಿಂದ ಎಂದು ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಲಿತದ್ದು ಬೇರೆಯವರಿಗೆ ಎಚ್ಚರಿಕೆಯ ಮಾತಾಗಿರಬಹುದು, ನನಗೆ ಅದು ಆಸರೆ.

ಲೆಕ್ಕಾಚಾರವನ್ನೂ ಮುಗಿಸುತ್ತಿದ್ದೇನೆ. ವಸಿಯ್ಯತ್ ಬರೆದಿಟ್ಟೆ. ಹೆಂಡತಿಗೆ ಮಹರಿನಲ್ಲಿ ಬಾಕಿಯಿದ್ದದ್ದನ್ನು ಕೊಟ್ಟಾಗ ಅವಳು ಅತ್ತಳು. ಸಾಯಲು ಸಿದ್ಧತೆ ಎಂದು ತಿಳಿದಳು. ಬಾಕಿ ಬಾಕಿಯೇ, ಆಪರೇಷನ್ ಇಲ್ಲದಿದ್ದರೂ ಕೊಡಬೇಕಾದದ್ದು ಎಂದು ಸಮಾಧಾನಪಡಿಸಿದೆ. ಹಣದ ವಿಷಯ ಇನ್ನೂ ಚುಚ್ಚುತ್ತದೆ. ಉಪಕರಣಕ್ಕೇ ಹಲವು ಲಕ್ಷ ರೂಪಾಯಿ. ಅಣ್ಣಂದಿರು ಕೂಡಿಸಿದರು, ತೆಂಗಿನ ತೋಟದ ಒಂದು ಭಾಗ ಮಾರಿದೆವು. ಚಾರ್ಜ್ ಮಾಡಲಾಗದ ಬ್ಯಾಟರಿಯಾದರೆ ಕೆಲವೇ ವರ್ಷಗಳಲ್ಲಿ ಬದಲಿಸಬೇಕು, ಮತ್ತೆ ಖರ್ಚು. ಚಾರ್ಜ್ ಮಾಡುವಂಥದ್ದು ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಬ್ಯಾಟರಿ ಹಠಾತ್ತಾಗಿ ನಿಂತರೆ ಕಾಯಿಲೆ ಜೋರಾಗಿ ಮರಳುವ ಅಪಾಯವಿರುವುದರಿಂದ ಈ ಲೆಕ್ಕವನ್ನು ಮೊದಲೇ ಹಾಕಬೇಕು. ಒಬ್ಬನ ಕುತ್ತಿಗೆಗಾಗಿ ಇಷ್ಟು ಖರ್ಚು ಸರಿಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಣ್ಣಂದಿರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

ಇನ್ನು ಸಹನೆ. ಆಪರೇಷನ್ ಮಾಡಿಸಿದವನಿಗೆ ಸಹನೆ ಬೇಡವೆಂದು ತಿಳಿದ ಹಿರಿಯರಿಗೆ ಇದ್ದದ್ದು ತಪ್ಪು ಕಲ್ಪನೆ. ಪಾರ್ಕಿನ್ಸನ್ ರೋಗಿಯ ಕೈನಡುಕ ಸ್ವಿಚ್ ಹಾಕಿದ ಕೂಡಲೇ ನಿಲ್ಲುವುದುಂಟು. ಡಿಸ್ಟೋನಿಯಾದಲ್ಲಿ ಹಾಗಲ್ಲ. ಅದುರುವುದು, ಎಳೆಯುವುದು ಕೆಲವು ದಿನ ಅಥವಾ ವಾರಗಳಲ್ಲಿ ಕಡಿಮೆಯಾಗಬಹುದು, ಆದರೆ ತಿರುಚಿ ನಿಂತ ಭಂಗಿ ನೇರವಾಗಲು ತಿಂಗಳುಗಳು ಬೇಕು, ಕೆಲವರಿಗೆ ಒಂದು ವರ್ಷ. ಅಷ್ಟು ಕಾಲ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿ ವಿದ್ಯುತ್ತಿನ ಪ್ರಮಾಣವನ್ನು ಹೊಂದಿಸಬೇಕು. ಆಮೇಲೂ ಎಚ್ಚರ ಬೇಕು. ಉಪಕರಣದ ಕಾರ್ಡ್ ಸದಾ ಜೊತೆಯಲ್ಲಿರಬೇಕು. ಉಮ್ರಾಕ್ಕೋ ಹಜ್ಜ್‌ಗೋ ಹೊರಟರೆ ವಿಮಾನ ನಿಲ್ದಾಣದ ತಪಾಸಣೆಯವರಿಗೆ ಅದನ್ನು ಮೊದಲೇ ತೋರಿಸಬೇಕು. ಬೆನ್ನುನೋವಿಗೆಂದು ವಿದ್ಯುತ್ತಿನ ಶಾಖ ಕೊಡುವ ಡಯಾಥರ್ಮಿ ಮಾಡಿಸಲೇಬಾರದು, ಮಿದುಳಿನ ತಂತಿ ಕಾದು ಜೀವಕ್ಕೇ ಅಪಾಯ. ವೈದ್ಯರನ್ನು ಕೇಳದೆ ಎಂಆರ್‌ಐ ಕೂಡ ಬೇಡ.

ಆ ಹಿರಿಯರನ್ನು ಮೊನ್ನೆ ಮಗ್ರಿಬ್ ಬಳಿಕ ಅವರ ಮನೆಗೇ ಹೋಗಿ ಕಂಡೆ. ಇಲ್ಲಿ ಬರೆದದ್ದರಲ್ಲಿ ಅರ್ಧದಷ್ಟನ್ನು ಅವರಿಗೆ ಹೇಳಿದೆ. ಗಝ್ಝಾಲಿಯವರ ಮಾತಿಗೆ ಅವರು ತಲೆದೂಗಲಿಲ್ಲ, ಎದುರಾಡಲೂ ಇಲ್ಲ. "ಯಾವ ದಿನ?" ಎಂದು ಮಾತ್ರ ಕೇಳಿದರು. ಬುಧವಾರ ಎಂದೆ. ಮಂಗಳವಾರ ರಾತ್ರಿ ಆಸ್ಪತ್ರೆಯಲ್ಲಿ ಉಳಿಯಲು ಜನ ಇದೆಯಾ, ಇಲ್ಲವಾದರೆ ತನ್ನ ಮಗನನ್ನು ಕಳುಹಿಸುತ್ತೇನೆ ಎಂದರು.

ಉಮ್ಮ ಸೋಮವಾರ ಗುರುವಾರ ಉಪವಾಸ ಹಿಡಿಯುತ್ತಿದ್ದಾರೆ. ಸ್ವಿಚ್ ಹಾಕುವ ದಿನ ಮನೆಯಲ್ಲಿ ಯಾರೂ ಸೇರುವುದು ಬೇಡ, ಆ ದಿನ ಏನೂ ಕಾಣಿಸದಿರಬಹುದು ಎಂದು ಅವರಿಗೂ ಹೆಂಡತಿಗೂ ಹೇಳಿಟ್ಟಿದ್ದೇನೆ. ಮಗಳಿಗೂ ಹೇಳಿದೆ. ಅವಳು ಕ್ಯಾಲೆಂಡರ್ ತೆಗೆದು ಮುಂದಿನ ವರ್ಷದ ಅದೇ ತಿಂಗಳನ್ನು ಹುಡುಕಿದಳು. ಈ ಕ್ಯಾಲೆಂಡರಿನಲ್ಲಿ ಅದು ಇಲ್ಲವಲ್ಲ ಎಂದು ನನ್ನನ್ನು ನೋಡಿದಳು.